ಕಮೆಂಟು ಓದುವ ಗಂಡಸು

ಹೆಂಡತಿ ಪರಪುರುಷನೊಬ್ಬನ ಜೊತೆ ದಿನಾ ಸಂಜೆ ನಗುನಗುತ್ತ ಮಾತಾಡಿದರೆ ಗಂಡನಾದವನು ಏನಾದರೂ ಮಾಡಬಹುದು. ಜಗಳ ತೆಗೆಯಬಹುದು, ಉಪವಾಸ ಕೂಡಬಹುದು, ಮಾವನಿಗೆ ಫೋನ್ ಹಚ್ಚಿ ಹಿರಿಯರನ್ನು ಕೂಡಿಸಬಹುದು. ಆದರೆ ಆ ಪರಪುರುಷನಿಗೆ ಕೈ, ಕಾಲು, ಮೀಸೆ ಯಾವುದೂ ಇಲ್ಲದೆ ಬರೀ ಗಂಟಲಷ್ಟೇ ಇದ್ದರೆ? ಅದೂ ತೆಂಗಿನಕಾಯಿ ಗಾತ್ರದ ಒಂದು ಸ್ಪೀಕರಿನೊಳಗೆ ಇದ್ದರೆ? ಇಳಕಲ್ಲಿನ ನಾಗಲಿಂಗನಿಗೆ ಈ ಪ್ರಶ್ನೆಗೆ ಉತ್ತರ ಹೇಳುವವರು ಯಾರೂ ಸಿಗಲಿಲ್ಲ. (ಪರಿಚಯದ ವಕೀಲರೊಬ್ಬರನ್ನು ಕೇಳಿ ನೋಡಿದ್ದ. ಅವರು "ಇದಕ್ಕ ಕಲಂ ಇಲ್ಲೋ ತಮ್ಮಾ" ಎಂದು ನಕ್ಕರು. ನಕ್ಕು ಸುಮ್ಮನಾಗದೆ ಚಹಾದಂಗಡಿಯ ತನಕ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಹೋದರು.)

ಮೊದಲೇ ಹೇಳಿಬಿಡುವುದು ಒಳ್ಳೆಯದು, ನಾಗಲಿಂಗನದು ಸಾಮಾನ್ಯ ಗಂಟಲಲ್ಲ. ಹುನಗುಂದದ ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವುದೇ ಅವನ ನೌಕರಿ. ಹದಿನಾಲ್ಕು ವರ್ಷದಿಂದ ದಿನಾ ಇಳಕಲ್ಲಿನಲ್ಲಿ ಬಸ್ಸು ಹತ್ತಿ ಹೋಗುತ್ತಾನೆ, ಕೂಗುತ್ತಾನೆ, ತಿರುಗಿ ಬಸ್ಸು ಹತ್ತಿ ಬರುತ್ತಾನೆ. ಅವನು ಒಮ್ಮೆ "ಯಂಕಪ್ಪಾ" ಎಂದು ದನಿ ಎತ್ತಿದರೆ ಕೇಸಿನ ಯಂಕಪ್ಪನಂತೂ ಓಡಿ ಬರುತ್ತಿದ್ದ. ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ತಿನ್ನುತ್ತ ಕೂತಿದ್ದ ಇನ್ನಿಬ್ಬರು ಯಂಕಪ್ಪಂದಿರೂ ತಮ್ಮದೇನು ತಪ್ಪಾಯಿತೋ ಎಂದು ಗಾಬರಿಯಿಂದ ಎದ್ದು ಬರುತ್ತಿದ್ದರು. ಇಂಥ ಗಂಟಲು ಮನೆಯಲ್ಲಿದ್ದೂ ಹೆಂಡತಿ ಇನ್ನೊಂದು ಗಂಟಲು ತಂದು ಸ್ಟೂಲಿನ ಮೇಲೆ ಪ್ರತಿಷ್ಠಾಪಿಸಿದಳೆಂದರೆ ಯಾರ ಹೊಟ್ಟೆ ತಾನೇ ಉರಿಯುವುದಿಲ್ಲ?

ಹೆಂಡತಿ ಶೈಲಾ ಇಳಕಲ್ ಸೀರೆಗಳನ್ನು ಫೋನಿನಲ್ಲಿ ಲೈವ್ ತೋರಿಸಿ ಮಾರುತ್ತಾಳೆ. ಮಗ್ಗದ ಮನೆಗಳಿಗೆ ತಾನೇ ಹೋಗಿ, ದಡಿ ಹಿಡಿದು, ಸೆರಗು ತಿರುವಿ ನೋಡಿ, ಒಂದೊಂದೇ ಆರಿಸಿ ತರುತ್ತಾಳೆ. ಪಡಸಾಲೆಯಲ್ಲಿ ಒಂದು ದೊಡ್ಡ ದೀಪ, ಸ್ಟ್ಯಾಂಡಿನ ಮೇಲೆ ಒಂದು ಫೋನು, ಆರು ಅಡಿ ಆಚೆ ಎರಡೂ ಕೈಯಲ್ಲಿ ಸೀರೆ ಬಿಡಿಸಿಕೊಂಡು ನಿಂತ ಶೈಲಾ. ಪ್ರತಿ ಸೀರೆಗೂ ಒಂದು ನಂಬರು. ನೋಡುವ ಹೆಣ್ಣುಮಕ್ಕಳಲ್ಲಿ ಯಾರು ಮೊದಲು ಆ ನಂಬರು ಬರೆದು ಕಳಿಸುತ್ತಾರೋ ಸೀರೆ ಅವರದು. ಆದರೆ ಅಷ್ಟು ದೂರದಿಂದ ಓಡುವ ಕಮೆಂಟು ಅವಳಿಗೆ ಕಾಣುವುದಿಲ್ಲ. ಆದ್ದರಿಂದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಇನ್ನೊಂದು ಫೋನು ಹಿಡಿದು, ಬಂದ ಕಮೆಂಟುಗಳನ್ನು ಗಟ್ಟಿಯಾಗಿ ಓದಿ ಹೇಳುವ ಮಹತ್ತರ ಹುದ್ದೆಗೆ ನಾಗಲಿಂಗನ ನೇಮಕವಾಗಿತ್ತು.

ಸಂಜೆ ಆರರಿಂದ ಏಳೂವರೆ. ನಾಗಲಿಂಗನ ಬಾಳಿನಲ್ಲಿ ಅಷ್ಟು ಸುಖದ ಒಂದೂವರೆ ತಾಸು ಹಿಂದೆಂದೂ ಬಂದಿರಲಿಲ್ಲ. ಶೈಲಾ ಘಳಿಗೆಗೊಮ್ಮೆ ಅವನ ಕಡೆ ತಿರುಗಿ "ಏನಂತಾರ್ರಿ?" ಎಂದು ಕೇಳುತ್ತಿದ್ದಳು. ಕೇಳಿ ಅವನ ಬಾಯನ್ನೇ ನೋಡುತ್ತ ನಿಲ್ಲುತ್ತಿದ್ದಳು. ಮದುವೆಯಾದ ಹನ್ನೊಂದು ವರ್ಷದಲ್ಲಿ ಹೆಂಡತಿ ತನ್ನ ಮಾತಿಗಾಗಿ ಕಾದು ನಿಂತದ್ದನ್ನು ಅವನು ಕಂಡದ್ದು ಆ ಕುರ್ಚಿಯ ಮೇಲೆ ಕೂತ ಮೇಲೆಯೇ. ಆ ಕುರ್ಚಿಗಾಗಿ ಅವನು ಕೋರ್ಟಿನ ನೌಕರಿಯನ್ನಾದರೂ ಬಿಟ್ಟಾನು.

ಆದರೆ ಹುಟ್ಟುಗುಣ ಎಲ್ಲಿ ಹೋಗಬೇಕು? ಕಮೆಂಟು ಬಂದ ಕೂಡಲೇ ಅವನ ಬೆನ್ನು ನೆಟ್ಟಗಾಗುತ್ತಿತ್ತು. "ಬಾಗಲಕೋಟಿ, ವಿದ್ಯಾಗಿರಿ, ನರ್ಗೀಸ ಟೀಚರ್! ನರ್ಗೀಸ ಟೀಚರ್! ನರ್ಗೀಸ ಟೀಚರ್ ಹಾಜರ್ ಅದಾರೇನ್ರಿ?" ಎಂದು ಪದ್ಧತಿಯ ಪ್ರಕಾರ ಮೂರು ಸಲ ಕೂಗುತ್ತಿದ್ದ. ನರ್ಗೀಸ ಟೀಚರು ಪಾಪ ಅರವತ್ತು ಕಿಲೋಮೀಟರ್ ದೂರದಲ್ಲಿ ಫೋನನ್ನು ಕಿವಿಯಿಂದ ಮಾರುದೂರ ಹಿಡಿಯುತ್ತಿದ್ದರು. ಅಷ್ಟರೊಳಗೆ ಹಿಂದಿನ ಹತ್ತು ಕಮೆಂಟುಗಳು ಮೇಲಕ್ಕೆ ಹೋಗಿ ಮಾಯವಾಗಿರುತ್ತಿದ್ದವು. ಇದರ ಮೇಲೆ ಇನ್ನೊಂದು ದೂರು. ಹುನಗುಂದಕ್ಕೆ ಕೊಟ್ಟಿರುವ ಅವನ ತಂಗಿ ರಾಜಶ್ರೀಯ ಕಮೆಂಟು ಎಷ್ಟೇ ಕೆಳಗಿದ್ದರೂ ಅವನ ಕಣ್ಣಿಗೆ ಅದೇ ಮೊದಲು ಬೀಳುತ್ತಿತ್ತು. (ರಕ್ತಸಂಬಂಧ, ಏನು ಮಾಡುವುದು.) ಒಳ್ಳೊಳ್ಳೆಯ ದಡಿಯ ಸೀರೆಗಳೆಲ್ಲ ಸಾಲಾಗಿ ಹುನಗುಂದಕ್ಕೆ ಹೊರಟವು.

ಒಂದು ಸಂಜೆ ನರ್ಗೀಸ ಟೀಚರು ಬರೆದೇಬಿಟ್ಟರು: "ಅಕ್ಕಾರ, ಹನ್ನೆರಡನೇ ನಂಬರ್ ನಾ ಮೊದಲ ಬರದೀನಿ. ನಿಮ್ಮ ಯಜಮಾನ್ರು ತಂಗೀದಷ್ಟ ಓದತಾರ. ಹಿಂಗಾದರ ನಾವು ಬರೂದಿಲ್ರಿ." ಅದರ ಕೆಳಗೆ ನಲವತ್ತು ಜನ "ಹೌದ್ರಿ, ಹೌದ್ರಿ" ಎಂದು ಸಹಿ ಹಾಕಿದ ಹಾಗೆ ಬರೆದರು. ನಾಗಲಿಂಗ ಅದನ್ನು ಓದದೆ ನುಂಗಿದ. ಆದರೆ ಲೈವ್ ಮುಗಿದ ಮೇಲೆ ಶೈಲಾ ಫೋನು ಕೈಗೆತ್ತಿಕೊಂಡು ಎಲ್ಲವನ್ನೂ ತಾನೇ ಓದಿದಳು.

"ಏನ್ರಿ ಇದು?"

"ಏನಿಲ್ಲ, ಸ್ವಲ್ಪ ತಕರಾರ ಅದಾವ."

"ನಲವತ್ತು ಮಂದಿ ಬರದಾರ. ಸ್ವಲ್ಪ ಅಂತೀರಿ! ನಾ ಬಿಸಲಾಗ ಅಡ್ಡಾಡಿ ಸೀರಿ ತರೂದು ನಿಮ್ಮ ತಂಗೀಗಷ್ಟ ಉಡಸಾಕೇನು? ಮತ್ತ ಅದೇನ್ರಿ, ಹಾಜರ್ ಅದಾರೇನು ಅಂತ ಒದರತೀರಿ? ಸೀರಿ ಕೊಳ್ಳಾಕ ಬಂದವರೋ, ಜಾಮೀನ ಕೇಳಾಕ ಬಂದವರೋ?"

ಮರುದಿನವೇ ವಿದ್ಯಾಗಿರಿಯ ಕಾಲೇಜಿನಲ್ಲಿ ಓದುವ ಶೈಲಾಳ ಅಕ್ಕನ ಮಗಳು ವಿದ್ಯಾ ವಿಡಿಯೋ ಕಾಲಿನಲ್ಲಿ ಪ್ರತ್ಯಕ್ಷಳಾದಳು. ಹಳೆಯ ಫೋನೊಂದಕ್ಕೆ ಏನೋ ಇಳಿಸಿಕೊಳ್ಳಲು ಹೇಳಿದಳು, ಎಲ್ಲೆಲ್ಲೋ ಒತ್ತಿಸಿದಳು. "ಇದಕ್ಕ ಬಾಟ್ ಅಂತಾರ ಚಿಗವ್ವಾ. ಲೈವ್‌ನ್ಯಾಗ ಯಾರ ಏನ ಬರದ್ರೂ ತಾನ ಗಟ್ಟಿಯಾಗಿ ಓದತೈತಿ. ಸಾಲ ಬಿಟ್ಟು ಓದೂದಿಲ್ಲ. ಹೆಣ್ಣಿನ ದನಿ ಇಡ್ಲೋ, ಗಂಡಿನ ದನಿ ಇಡ್ಲೋ?"

"ಹೆಣ್ಣಿಂದಿಟ್ಟರ ಮಾತಾಡೂದು ನಾನೋ ಅದೋ ಮಂದಿಗೆ ಗೊತ್ತಾಗೂದಿಲ್ಲ. ಗಂಡಿಂದ ಇಡು."

ನಾಗಲಿಂಗ ಮೂಲೆಯಲ್ಲಿ ಕೂತು ಇದನ್ನೆಲ್ಲ ತಾತ್ಸಾರದಿಂದ ನೋಡುತ್ತಿದ್ದ. ಸ್ಪೀಕರು ಒಮ್ಮೆ ಕೊಂಯ್ ಎಂದಿತು. ಆಮೇಲೆ ತುಂಬು ಗಂಭೀರವಾದ, ಬೆಣ್ಣೆ ಹಚ್ಚಿದ ದನಿಯೊಂದು ಪಡಸಾಲೆಯ ತುಂಬ ಹರಡಿತು: "ನಮಸ್ಕಾರ. ನಿಮ್ಮ ಸಂದೇಶಗಳನ್ನು ಓದಲು ನಾನು ಸಿದ್ಧನಿದ್ದೇನೆ."

ಅಡುಗೆಮನೆಯಿಂದ ನಾಗಲಿಂಗನ ತಾಯಿ ಗುರುಲಿಂಗವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಗಡಬಡಿಸಿ ಬಂದಳು. "ಯಾರ ಬಂದಾರವ್ವಾ? ಧಾರವಾಡ ಕಡೆ ಬೀಗರೇನು? ಚಾ ಇಡ್ಲೇನು?"

ಅಂದಿನಿಂದ ನಾಗಲಿಂಗನ ಕುರ್ಚಿ ಹಿತ್ತಲಿಗೆ ಹೋಯಿತು. ಅದಿದ್ದ ಜಾಗದಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಆ ಸ್ಪೀಕರು. ಎಲ್ಲರ ಬಾಯಲ್ಲೂ ಅದರ ಹೆಸರು "ಮಷೀನ". ಅದು ಹೆಸರನ್ನು ಒಂದೇ ಸಲ ಹೇಳುತ್ತಿತ್ತು, ಆಮೇಲೆ "ಅವರು ಹೇಳುತ್ತಾರೆ" ಎನ್ನುತ್ತಿತ್ತು, ಬರೆದದ್ದನ್ನು ಬರೆದ ಹಾಗೇ ಓದುತ್ತಿತ್ತು. ಹುನಗುಂದದವರು, ಬಾದಾಮಿಯವರು, ತುಳಸಿಗೇರಿಯವರು ಬರೆದ ಮಾತು ಅದರ ಬಾಯಲ್ಲಿ ಇಸ್ತ್ರಿ ಮಾಡಿ ಮಡಚಿದ ಅಂಗಿಯ ಹಾಗೆ ಬರುತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಮಾತ್ರ ಅದಕ್ಕೆ ನಾಲಿಗೆ ಹೊರಳುತ್ತಿರಲಿಲ್ಲ. ಶೈಲಾ ಎಲ್ಲರಿಗೂ "ಕನ್ನಡದಾಗ ಬರೀರಿ" ಎಂದು ಕೈಮುಗಿದು ಕೇಳಿಕೊಂಡಳು, ಎಲ್ಲರೂ ಹಾಗೇ ಮಾಡಿದರು. (ಇದೇ ಜನ ನಾಗಲಿಂಗನಿಗಾಗಿ ಒಂದಕ್ಷರವನ್ನೂ ಬದಲಿಸಿರಲಿಲ್ಲ.)

ಸೀರೆಗಳು ಮೊದಲಿಗಿಂತ ಹೆಚ್ಚು ಹೋಗತೊಡಗಿದವು. ಅದಕ್ಕೆ ನಾಗಲಿಂಗನ ಅಭ್ಯಂತರವಿರಲಿಲ್ಲ. ಅವನ ಕರುಳು ಹಿಂಡಿದ್ದು ಬೇರೆ ವಿಷಯ. ಯಾರಾದರೂ "ಅಕ್ಕಾರ, ಇವತ್ತ ಭಾಳ ಚಂದ ಕಾಣಾಕತ್ತೀರಿ" ಎಂದು ಬರೆದು ಎರಡು ಚಿತ್ರ ಅಂಟಿಸಿದರೆ, ಮಷೀನು ಆ ಮಾತನ್ನು ಜೇನಿನಲ್ಲಿ ಅದ್ದಿ ಹೇಳಿ, ಕೊನೆಗೆ "ಕೆಂಪು ಹೃದಯ, ಕೆಂಪು ಹೃದಯ" ಎನ್ನುತ್ತಿತ್ತು. ಒಬ್ಬ ಗಂಡಸಿನ ದನಿ, ತನ್ನ ಮನೆಯ ಪಡಸಾಲೆಯಲ್ಲಿ, ತನ್ನ ಹೆಂಡತಿಗೆ, ತಾನು ಹಿತ್ತಲಲ್ಲಿ ಕಾಲು ತೊಳೆಯುತ್ತಿರುವಾಗ! ಶೈಲಾ ಅದರ ಕಡೆ ತಿರುಗಿ ನಾಚಿ ನಗುತ್ತಿದ್ದಳು. ನಾಗಲಿಂಗನೂ ಒಂದು ದಿನ ಧೈರ್ಯ ಮಾಡಿ ಅಡುಗೆಮನೆಯ ಬಾಗಿಲಲ್ಲಿ ನಿಂತು "ಶೈಲಾ, ಇವತ್ತ ನೀ..." ಎಂದು ಶುರು ಮಾಡಿದ. ಹದಿನಾಲ್ಕು ವರ್ಷದ ಅಭ್ಯಾಸಬಲ, ದನಿ ಜೋರಾಯಿತು. ಅವಳ ಕೈಯಲ್ಲಿದ್ದ ಉಪ್ಪಿನ ಡಬ್ಬಿ ಸಾರಿನ ಪಾತ್ರೆಗೆ ಬಿತ್ತು. ಮುಂದಿನ ಮಾತು ಹೇಳುವ ಪರಿಸ್ಥಿತಿ ಉಳಿಯಲಿಲ್ಲ.

"ಏನ ಮಷೀನ ಮಷೀನ ಅಂತ ಕುಣ್ಯಾಕತ್ತಿ?" ಎಂದು ಅವನು ಊಟಕ್ಕೆ ಕೂತಾಗ ತಕರಾರು ತೆಗೆದ. "ಅದು ಬರದದ್ದ ಓದತೈತಿ. ಅದಕ್ಕೇನ ಸ್ವಂತ ಬುದ್ಧಿ ಐತೇನು?"

"ನೀವು ಸ್ವಂತ ಬುದ್ಧಿಲೆ ಓದತಿದ್ದಿರಲ್ಲ, ಅದ ನನಗ ತ್ರಾಸ ಆಗಿತ್ತು."

"ನೀ ಅದಕ್ಕ ರೀ ಹಚ್ಚಿ ಮಾತಾಡ್ತಿ."

"ಮತ್ತೇನ ಲೇ ಅನ್ನಲೇನು? ನಾ ಉತ್ತರಾ ಕೊಡೂದು ಮಂದಿಗೆ."

"ನಗೂದು?"

"ನಗೂದೂ ಮಂದಿಗೇ."

"ಸ್ಪೀಕರಿನ ಕಡೆ ನೋಡಿ ನಗತಿ. ನಾ ಕಂಡೇನಿ."

"ನಿಮ್ಮ ಕಡೆ ನೋಡಿ ನಗಬೇಕಂದರ ನಗತೇನಿ. ಮೊದಲ ಆ ಮಾರಿ ಒಂಚೂರ ಸಡ್ಲ ಬಿಡ್ರಿ."

ತಾಯಿಯಾದರೂ ತನ್ನ ಕಡೆ ಇದ್ದಾಳೆ ಎಂದುಕೊಂಡರೆ, ಗುರುಲಿಂಗವ್ವ ಮುಂಜಾನೆ ಪೂಜೆ ಮುಗಿಸಿ ಬಂದು ಸ್ಪೀಕರಿನ ನೆತ್ತಿಗೆ ಮೂರು ಬೆರಳಿನ ವಿಭೂತಿ ಎಳೆಯತೊಡಗಿದ್ದಳು. "ಎಷ್ಟ ಮರ್ಯಾದಿಲೆ ಮಾತಾಡ್ತಾನ ನೋಡೋ ನಾಗಲಿಂಗಾ. ಒಮ್ಮೆರ ದನಿ ಏರಿಸ್ಯಾನ? ಎಲಿಅಡಕಿ ಉಗುಳಾಕಂತ ನಡುವ ಎದ್ದ ಹೋಗ್ಯಾನ? ಆ ಗುಣ ನಿನಗಿಲ್ಲ ನೋಡಪ" ಎಂದಳು. ಒಂಬತ್ತು ತಿಂಗಳು ಹೊತ್ತು ಹೆತ್ತ ತಾಯಿಯ ಬಾಯಿಂದ ಈ ಮಾತು ಬಂತು.

ಅವನ ಸಹನೆಯ ಕಟ್ಟೆ ಒಡೆದದ್ದು ಮಾತ್ರ ಊಟದ ವಿಷಯಕ್ಕೆ. ಈ ಕಡೆಯ ಜನರ ರೀತಿ ನಿಮಗೆ ಗೊತ್ತೇ ಇದೆ. ಮನೆಗೆ ಬೆಂಕಿ ಬಿದ್ದ ಸುದ್ದಿ ಹೇಳಲು ಬಂದವರೂ ಮೊದಲು "ಊಟ ಆತ್ರಿ?" ಎಂದು ಕೇಳಿ, ಆತು ಎನ್ನಿಸಿಕೊಂಡು, ಆಮೇಲೆ ಬೆಂಕಿಯ ವಿಷಯ ತೆಗೆಯುತ್ತಾರೆ. ಊಟ ಕೇಳದೆ ಸೀರೆಯ ನಂಬರು ಬರೆಯುವುದು ಅವರಿಗೆ ಚಪ್ಪಲಿ ಹಾಕಿಕೊಂಡು ದೇವರ ಕೋಣೆಗೆ ಹೊಕ್ಕಷ್ಟು ಮುಜುಗರ. ಹೊತ್ತು ನೋಡಿ ಊಟ, ಚಾ, ನಾಷ್ಟಾ ಎಂದು ಮಾತು ಬದಲಾಗುತ್ತದೆ, ಅಷ್ಟೇ. ಅವರೆಲ್ಲರ ಪರವಾಗಿ ಮಷೀನು ಶೈಲಾಳನ್ನು ಒಂದೂವರೆ ತಾಸಿನಲ್ಲಿ ಅರವತ್ತು ಸಲ "ಊಟ ಆತ್ರಿ?" ಎಂದು ಕೇಳುತ್ತಿತ್ತು. ಶೈಲಾ ಅರವತ್ತು ಸಲವೂ ಬೇಸರವಿಲ್ಲದೆ "ಇನ್ನ ಆಗಬೇಕ್ರಿ, ಇವತ್ತ ಮುಳಗಾಯಿ ಎಣ್ಣಿಗಾಯಿ ಮಾಡೇನ್ರಿ, ನಿಮ್ಮದ ಆತ್ರಿ?" ಎಂದು ಉತ್ತರಿಸುತ್ತಿದ್ದಳು. ತನ್ನ ಮನೆಯಲ್ಲಿ ಇಂದು ಏನು ಅಡುಗೆ ಎಂಬುದು ನಾಗಲಿಂಗನಿಗೆ ಸ್ಪೀಕರಿನ ದಯೆಯಿಂದ ತಿಳಿಯಬೇಕಾಯಿತು. ಹುನಗುಂದದಿಂದ ಹಸಿದು ಬಂದು ಹಿತ್ತಲ ಕಟ್ಟೆಯ ಮೇಲೆ ಕೂತ ಅವನನ್ನು ಊಟವಾಯಿತೇ ಎಂದು ಒಬ್ಬರೂ ಕೇಳಲಿಲ್ಲ. ಅಂದು ಅವನ ಹೊಟ್ಟೆಯಲ್ಲಿ ಎದ್ದದ್ದು ಹಸಿವೋ ಹೊಟ್ಟೆಕಿಚ್ಚೋ ಅವನಿಗೇ ಗೊತ್ತಾಗಲಿಲ್ಲ.

ನಾಗರ ಪಂಚಮಿ ಹತ್ತಿರ ಬಂತು. ಅಣ್ಣತಮ್ಮಂದಿರು ತವರಿಗೆ ಬರುವ ಅಕ್ಕತಂಗಿಯರಿಗೆ ಸೀರೆ ಕೊಡುವ ಹಬ್ಬ. ಶೈಲಾ ಒಂದು ತಿಂಗಳು ಮಗ್ಗದ ಓಣಿಗಳಲ್ಲಿ ತಿರುಗಿ ನಲವತ್ತು ಸೀರೆ ಆರಿಸಿದ್ದಳು. ಭಾನುವಾರ ಹನ್ನೊಂದಕ್ಕೆ ಪಂಚಮಿಯ ವಿಶೇಷ ಲೈವ್ ಎಂದು ಎಂಟು ದಿನ ಮೊದಲೇ ಸಾರಿದ್ದಳು. ಶನಿವಾರ ಮಧ್ಯಾಹ್ನ ಅವಳು ಕೊನೆಯ ಎರಡು ಸೀರೆ ತರಲು ಹೋದಾಗ ಮಷೀನಿನ ಹಳೆಯ ಫೋನು ಚಾರ್ಜಿಗೆ ಹಚ್ಚಿದ್ದು ಮನೆಯಲ್ಲೇ ಇತ್ತು. ನಾಗಲಿಂಗ ಸುಮ್ಮನೆ ಕೈಗೆತ್ತಿಕೊಂಡ. (ಸುಮ್ಮನೆ ಎಂಬುದು ಅವನ ಹೇಳಿಕೆ.)

ಒಳಗೆ ಒಂದು ಕಡೆ "ಓದಬಾರದ ಪದಗಳು" ಎಂಬ ಪಟ್ಟಿ ಸಿಕ್ಕಿತು. ಹಿಂದೊಮ್ಮೆ ಯಾರೋ ಪುಂಡ ಹೊಲಸು ಮಾತು ಬರೆದಾಗ ವಿದ್ಯಾ ಇದನ್ನು ಮಾಡಿಕೊಟ್ಟಿದ್ದಳು. ಇದರಲ್ಲಿರುವ ಪದ ಯಾರ ಕಮೆಂಟಿನಲ್ಲಿ ಬಂದರೂ ಮಷೀನು ಅದನ್ನು ಓದುವುದಿಲ್ಲ. ಅಷ್ಟೇ ಅಲ್ಲ, ಅಂಥವರ ಬೇರೆ ಯಾವ ಮಾತನ್ನೂ ಆ ದಿನವಿಡೀ ಓದುವುದಿಲ್ಲ. ಈ ಎರಡನೆಯ ಸಾಲನ್ನು ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಸಣ್ಣ ಅಕ್ಷರ ಓದುವುದು ವಕೀಲರ ಕೆಲಸ, ತನ್ನದಲ್ಲ ಎಂದು ನಾಗಲಿಂಗ ಅತ್ತ ನೋಡಲಿಲ್ಲ. ಅವನು ಟೈಪು ಮಾಡಿದ: ಊಟ. ಕೋರ್ಟಿನಲ್ಲಿ ಕೆಲಸ ಮಾಡಿದವನು ಸಂದಿ ಬಿಡುವುದಿಲ್ಲ. ಅದರ ಕೆಳಗೆ ಚಾ, ಚಹಾ, ನಾಷ್ಟಾ, ರೊಟ್ಟಿ, ಫಳಾರ ಎಂದೂ ಸೇರಿಸಿದ. ಇನ್ನು ಮೇಲೆ ನನ್ನ ಹೆಂಡತಿಯ ಊಟದ ಉಸಾಬರಿ ನಿನಗೆ ಬೇಡ ಮಗನೇ ಎಂದು ಸ್ಪೀಕರಿಗೆ ಬೆರಳು ತೋರಿಸಿ ಹೇಳಿ, ಫೋನನ್ನು ಇದ್ದಲ್ಲೇ ಇಟ್ಟು, ತಿಂಗಳುಗಳ ಮೇಲೆ ಮೊದಲ ಬಾರಿ ಸಮಾಧಾನವಾಗಿ ಎಲೆಅಡಿಕೆ ಹಾಕಿಕೊಂಡ.

ಭಾನುವಾರ ಹನ್ನೊಂದಕ್ಕೆ ಸರಿಯಾಗಿ ಶೈಲಾ ಹಸಿರು ಸೀರೆ ಉಟ್ಟು ದೀಪದೆದುರು ನಿಂತಳು. "ಎಲ್ಲಾರಿಗೂ ಶರಣ್ರಿ, ಪಂಚಮಿ ಲೈವ್‌ಗೆ ಬರ್ರಿ ಬರ್ರಿ" ಎಂದು ಕರೆದಳು. ಮುನ್ನೂರು ಜನ ಬಂದರು. ಮೊದಲ ಸೀರೆ ಬಿಡಿಸಿ, ಸೆರಗಿನ ಕೆಂಪನ್ನು ಹಿಗ್ಗಿಸಿ ತೋರಿಸಿ, ಮಷೀನಿನ ಕಡೆ ನೋಡಿದಳು. ಮಷೀನು ಸುಮ್ಮನಿತ್ತು. ಎರಡನೆಯದು ಬಿಡಿಸಿದಳು, ಸುಮ್ಮನಿತ್ತು. ಮೂರನೆಯದಕ್ಕೆ ಅದು ಗಂಟಲು ಸರಿಮಾಡಿಕೊಂಡು, "ಹೊಸ ಬಳಕೆದಾರರು ಹೇಳುತ್ತಾರೆ. ಬೆಲೆ ತಿಳಿಸಿ" ಎಂದಿತು. ಯಾರೋ ದಕ್ಷಿಣದ ಕಡೆಯವರು, ಊಟ ಗೀಟ ಏನೂ ಕೇಳದೆ ನೇರ ವ್ಯವಹಾರಕ್ಕೆ ಬಂದಿದ್ದರು. ಮುನ್ನೂರು ಜನರಲ್ಲಿ ಮಷೀನು ಓದಲು ಒಪ್ಪಿದ ಸಭ್ಯಸ್ಥರು ಅವರೊಬ್ಬರೇ.

ಅಡುಗೆಮನೆಯ ಪರದೆಯ ಹಿಂದಿನಿಂದ ಇಣುಕುತ್ತಿದ್ದ ನಾಗಲಿಂಗನಿಗೆ ಮೊದಲು ಖುಷಿಯಾಯಿತು. ತನ್ನ ಫೋನು ತೆರೆದು ನೋಡಿದ. ಕಮೆಂಟುಗಳು ಮಳೆಯ ಹಾಗೆ ಸುರಿಯುತ್ತಿದ್ದವು. ಪ್ರತಿಯೊಬ್ಬರೂ ಬಂದ ಕೂಡಲೇ ಊಟವೋ ನಾಷ್ಟಾವೋ ಕೇಳಿ, ಕೇಳಿದ ತಪ್ಪಿಗೆ ದಿನವಿಡೀ ಬಹಿಷ್ಕಾರಕ್ಕೆ ಒಳಗಾಗಿದ್ದರು. ಆಗ ಅವನಿಗೆ ತಾನು ಮಾಡಿದ್ದೇನೆಂದು ಹೊಳೆಯಿತು.

"ಯಾಕ್ರಿ, ಯಾರೂ ಮಾತಾಡವಲ್ರಿ?" ಎಂದು ಶೈಲಾ ಕ್ಯಾಮೆರಾಕ್ಕೆ ಕೇಳಿದಳು. "ಸೀರಿ ಮನಸ್ಸಿಗಿ ಬರಲಿಲ್ಲೇನ್ರಿ? ನನ್ನ ಮ್ಯಾಲೆ ಏನರ ಸಿಟ್ಟ ಆಗೇರೇನ್ರಿ?" ನಗುತ್ತಲೇ ಕೇಳಿದಳು. ಆಗಲೇ ತೋರಿಸಿದ ಮೊದಲ ಸೀರೆಯನ್ನೇ ಅವಳು ಮತ್ತೆ ಎತ್ತಿ ಬಿಡಿಸುವುದು ನಾಗಲಿಂಗನಿಗೆ ಪರದೆಯ ಸಂದಿಯಿಂದ ಕಂಡಿತು. ಒಂದು ತಿಂಗಳ ಬಿಸಿಲು ಆ ಸೀರೆಯಲ್ಲಿತ್ತು. 'ಥೂ ನನ್ನ' ಎಂದು ಅವನು ತನ್ನ ತಲೆಗೆ ತಾನೇ ಹೊಡೆದುಕೊಂಡ.

ಪಟ್ಟಿ ಅಳಿಸಬೇಕೆಂದರೆ ಲೈವ್ ನಡೆಯುತ್ತಿರುವಾಗ ಅವಳೆದುರಿಗೇ ಹೋಗಿ ಹಳೆಯ ಫೋನು ಎತ್ತಬೇಕು. ತನ್ನ ದನಿಯಲ್ಲಿ ಓದಬೇಕೆಂದರೆ ಮುನ್ನೂರು ಜನ ತಂಗಿಯ ಪಕ್ಷಪಾತಿ ಮತ್ತೆ ಬಂದನೆಂದು ಎದ್ದು ಹೋಗುತ್ತಾರೆ. ಸ್ಪೀಕರಿನ ಸ್ಟೂಲು ಪರದೆಗೆ ಆತುಕೊಂಡೇ ಇತ್ತು. ನಾಗಲಿಂಗ ಪರದೆಯ ಹಿಂದಿನ ಜೋಳದ ಚೀಲದ ಮೇಲೆ ಕೂತ, ಮೂಗನ್ನು ಎರಡು ಬೆರಳಿನಿಂದ ಒತ್ತಿ ಹಿಡಿದ, ಹದಿನಾಲ್ಕು ವರ್ಷದ ಗಂಟಲನ್ನು ಹಿಂಡಿ ಸಣ್ಣದು ಮಾಡಿದ.

"ವಿದ್ಯಾಗಿರಿಯ ನರ್ಗೀಸ ಟೀಚರ್ ಅವರು ಹೇಳುತ್ತಾರೆ. ನಮಸ್ಕಾರ್ರಿ ಅಕ್ಕಾರ, ಊಟ ಆತ್ರಿ? ಒಂದನೇ ನಂಬರ್ ನನಗ ಇಡ್ರಿ. ಕೆಂಪು ಹೃದಯ, ಕೆಂಪು ಹೃದಯ."

ಶೈಲಾ ಬೆಚ್ಚಿ ಸ್ಪೀಕರಿನ ಕಡೆ ನೋಡಿದಳು. ಒಂದು ಕ್ಷಣ ಅವಳ ದೃಷ್ಟಿ ಪರದೆಯ ಕಡೆ ಹೋಯಿತು. ಆಮೇಲೆ ಮುಖ ಅರಳಿತು. "ಇಲ್ರಿ ಟೀಚರ್, ಇನ್ನ ಆಗಬೇಕ್ರಿ! ಒಂದನೇ ನಂಬರ್ ನಿಮ್ಮದ ಆತ್ರಿ!"

ನಾಗಲಿಂಗ ಓದಿದ. ಸಾಲು ಬಿಡದೆ ಓದಿದ. ಒಂಬತ್ತನೆಯ ಸೀರೆಗೆ ತಂಗಿ ರಾಜಶ್ರೀ ಬರೆದಿದ್ದಳು, ಆದರೆ ಅವಳಿಗಿಂತ ಮೊದಲು ತುಳಸಿಗೇರಿಯ ಬೋರವ್ವ ಬರೆದಿದ್ದಳು. ನಾಗಲಿಂಗ ಕಣ್ಣು ಮುಚ್ಚಿ ತಂಗಿಯನ್ನು ಮನಸ್ಸಿನಲ್ಲೇ ಕ್ಷಮೆ ಕೇಳಿ ಬೋರವ್ವನ ಹೆಸರನ್ನೇ ಹೇಳಿದ. ನಡುವೆ ಜೋಳದ ಧೂಳಿಗೆ ಒಂದು ಭಾರಿ ಸೀನು ಬಂತು. ಶೈಲಾ ತಡವರಿಸದೆ "ನೆಟ್‌ವರ್ಕ್ ಸರಿ ಇಲ್ರಿ" ಎಂದಳು. ಗುರುಲಿಂಗವ್ವ ಎದುರಿನ ಮನೆಯ ಗಿರಿಜವ್ವನ ಕಟ್ಟೆಯ ಮೇಲೆ ಹರಟುತ್ತ ಕೂತಿದ್ದರಿಂದ ಈ ಪವಾಡ ಅವಳಿಗೆ ತಿಳಿಯಲಿಲ್ಲ. ಒಂದು ತಾಸಿನಲ್ಲಿ ನಲವತ್ತೂ ಸೀರೆ ಮುಗಿದವು. ಕೊನೆಗೆ ಬಂದ ಕಮೆಂಟುಗಳನ್ನೂ ಅವನೇ ಮೂಗು ಹಿಡಿದು ಓದಬೇಕಾಯಿತು: "ನರ್ಗೀಸ ಟೀಚರ್ ಅವರು ಹೇಳುತ್ತಾರೆ. ಮಷೀನ ಇವತ್ತ ಭಾಳ ಚೊಲೊ ಓದೇತ್ರಿ. ದನ್ಯಾಗ ಏನೋ ಜೀವ ಬಂದಂಗಾಗೇತಿ. ಮೊದಲ ಓದತಿದ್ದ ನಿಮ್ಮ ಯಜಮಾನ್ರಗಿಂತ ಸಾವಿರ ಪಾಲ ಚೊಲೊ."

ಲೈವ್ ಮುಗಿಯಿತು. ಪರದೆ ಸರ್ರನೆ ಸರಿಯಿತು. ಶೈಲಾ ಹಳೆಯ ಫೋನು ಹಿಡಿದು ನಿಂತಿದ್ದಳು.

"ಏಳ್ರಿ ಮಷೀನಪ್ಪಾ, ಹೊರಗ ಬರ್ರಿ. ಊಟ, ಚಾ, ಚಹಾ, ನಾಷ್ಟಾ, ರೊಟ್ಟಿ, ಫಳಾರ. ಇದೇನ್ರಿ, ಖಾನಾವಳಿ ಬೋರ್ಡು?"

ನಾಗಲಿಂಗ ಜೋಳದ ಚೀಲವನ್ನೇ ನೋಡುತ್ತ ನಿಂತ. "ಹೊಟ್ಟಿ ಉರೀತಿತ್ತು."

"ಯಾರ ಮ್ಯಾಲೆ?"

"ಅದರ ಮ್ಯಾಲೆ."

"ಸ್ಪೀಕರಿನ ಮ್ಯಾಲೆ?"

"ಹೂಂ. ನೀ ಮೊದಲ ನನ್ನ ಕಡೆ ತಿರುಗಿ ಏನಂತಾರ್ರಿ ಅಂತ ಕೇಳತಿದ್ದಿ. ಈಗ ಅದರ ಕಡೆ ತಿರಗತಿ. ನಾ ಹಿತ್ತಲದಾಗ ಕುಂತ್ರೂ ಕೇಳೂದಿಲ್ಲ, ಸತ್ರೂ ಕೇಳೂದಿಲ್ಲ."

ಬೈಯಬೇಕೆಂದು ಬಾಯಿ ತೆರೆದ ಶೈಲಾ ಬೈಯಲಿಲ್ಲ. ನಗಬೇಕೆಂದು ನೋಡಿದಳು, ಅದೂ ಅರ್ಧಕ್ಕೆ ನಿಂತಿತು. ಅವನ ಮೂಗು ಹಿಡಿದು ಹಿಡಿದು ಕೆಂಪಗಾಗಿತ್ತು. "ಎಂಥಾ ಗಂಡಸನ್ನ ಕಟಿಗೊಂಡೆ ಶಿವನೇ" ಎಂದು ಸೆರಗಿನಿಂದ ಅವನ ಮುಖದ ಧೂಳು ಒರೆಸಿದಳು. "ಆತು. ಸೀರಿ ಎಲ್ಲಾ ಮುಗದಾವ, ಇನ್ನ ಲೈವ್ ಬುಧವಾರಕ್ಕ. ಅವತ್ತಿನಿಂದ ಮಷೀನ ತಗದ ಇಡತೇನಿ. ನಿಮ್ಮ ಕುರ್ಚಿ ಒಳಗ ತರ್ರಿ, ನಿಮ್ಮ ದನೀಲೆ ಓದ್ರಿ. ಆದರ ಮೂರ ಸಲ ಕೂಗಬಾರದು. ಮತ್ತ ಬಂದದ್ದೆಲ್ಲಾ ಓದಬೇಕು, ತಂಗೀದಿರಲಿ, ಯಾರದರ ಇರಲಿ, ಒಂದಕ್ಷರ ನುಂಗಬಾರದು. ಆಣಿ ಮಾಡ್ರಿ."

ನಾಗಲಿಂಗ ಬಲಗೈ ಎತ್ತಿ, ಕೋರ್ಟಿನಲ್ಲಿ ಸಾವಿರ ಸಲ ಕೇಳಿದ ಮಾತನ್ನು ಅಲ್ಲಲ್ಲಿ ತಿದ್ದಿ, "ಸತ್ಯವನ್ನೇ ಓದುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಓದುವುದಿಲ್ಲ" ಎಂದು ಪ್ರಮಾಣ ಮಾಡಿದ. ಗುರುಲಿಂಗವ್ವನಿಗೆ ಮಾತ್ರ ಮಷೀನು ಕೆಟ್ಟಿದೆ ಎಂದಷ್ಟೇ ಹೇಳುವುದೆಂದು ಇಬ್ಬರೂ ಗೊತ್ತು ಮಾಡಿಕೊಂಡರು. ಅವಳಿಗೆ ನಿಜ ಹೇಳಿದರೆ ಸಂಜೆಯೊಳಗೆ ಇಳಕಲ್ಲಿಗೆಲ್ಲ ಗೊತ್ತಾಗುತ್ತಿತ್ತು.

ಬುಧವಾರ ನಾಗಲಿಂಗ ಕೋರ್ಟಿನಿಂದ ಅರ್ಧ ತಾಸು ಮುಂಚೆ ಬಂದ. ತಲೆಗೆ ನೀರು ಹಾಕಿಕೊಂಡ, ಇಸ್ತ್ರಿ ಅಂಗಿ ತೊಟ್ಟ, ಕುರ್ಚಿಯನ್ನು ಒರೆಸಿ ಹಳೆಯ ಜಾಗದಲ್ಲಿ ಹಾಕಿ ಪಟ್ಟಕ್ಕೇರಿದ ಹಾಗೆ ಕೂತ. ಶೈಲಾ ಅವನ ಕಡೆ ಕೈ ತೋರಿಸಿ, "ಇವತ್ತಿನಿಂದ ಮಷೀನ ಇರೂದಿಲ್ರಿ. ನಮ್ಮ ಮನೆಯವರ ಓದತಾರ" ಎಂದು ಲೈವಿನಲ್ಲಿ ಸಾರಿದಳು. ಆಮೇಲೆ ಅವನ ಕಡೆ ತಿರುಗಿ, ಹಳೆಯ ದಿನಗಳ ಹಾಗೇ, "ಏನಂತಾರ್ರಿ?" ಎಂದಳು. ಅವನ ಎದೆ ತುಂಬಿ ಬಂತು.

ಫೋನು ನೋಡಿದ. ತುಂಬಿದ ಎದೆ ಇಳಿಯಿತು. ಆದರೆ ಆಣೆ ಆಣೆಯೇ.

"ಬೋರವ್ವ, ತುಳಸಿಗೇರಿ," ಎಂದು ತನ್ನ ಸ್ವಂತ ದನಿಯಲ್ಲಿ ಓದಿದ. "ಅಯ್ಯ, ಯಾಕ್ರಿ ಅಕ್ಕಾರ, ಮಷೀನಿಗೇನ ಆತ್ರಿ? ಇವರ ಬ್ಯಾಡ್ರಿ." ಮುಂದಿನದಕ್ಕೆ ಹೋದ. "ನರ್ಗೀಸ ಟೀಚರ್. ಮೊದಲಿನ ಮಷೀನೂ ಬ್ಯಾಡ್ರಿ, ಪಂಚಮಿ ದಿನ ಓದಿದ್ದ ಮಷೀನ ಬೇಕ್ರಿ. ಅಂಥಾ ದನಿ ಎಲ್ಲೂ ಕೇಳಿಲ್ಲ. ಯಜಮಾನ್ರು ತಪ್ಪ ತಿಳಕೋಬಾರದು, ಅವರು ಕೋರ್ಟಿಗೇ ಬರೋಬ್ಬರಿ." ಇಂಥವು ಐವತ್ತಮೂರು ಬಂದವು. ಐವತ್ತಮೂರನ್ನೂ ಅವನು ಓದಿದ. ತನ್ನ ವಿರುದ್ಧದ ಅರ್ಜಿಯನ್ನು ತಾನೇ ಕೂಗಿ ಹೇಳುವ ಕೆಲಸ ಕೋರ್ಟಿನಲ್ಲಿಯೂ ಅವನಿಗೆ ಬಿದ್ದಿರಲಿಲ್ಲ.

ಶೈಲಾ ಸೀರೆ ಮಡಚುವ ನೆಪದಿಂದ ಬಗ್ಗಿ ಪಿಸುಗುಟ್ಟಿದಳು. "ಏನ ಮಾಡೂಣ್ರಿ? ನೀವ ಹೇಳ್ರಿ."

ಐವತ್ತಮೂರು ಜನ ಕೇಳುತ್ತಿದ್ದದ್ದು ತನ್ನನ್ನೇ. ಬೇಡ ಎನ್ನುತ್ತಿದ್ದದ್ದೂ ತನ್ನನ್ನೇ. ನಾಗಲಿಂಗನಿಗೆ ಹಿಗ್ಗಬೇಕೋ ಉರಿಯಬೇಕೋ ತಿಳಿಯಲಿಲ್ಲ. ಉರಿಯುವುದೇ ರೂಢಿಯಾಗಿದ್ದರಿಂದ ಪಂಚಮಿಯ ದಿನದ ಆ ಗಂಟಲಿನ ಮೇಲೆ, ಅಂದರೆ ತನ್ನ ಮೇಲೆಯೇ, ಒಂದು ಘಳಿಗೆ ಉರಿದುಕೊಂಡ. ಆಮೇಲೆ ಕುರ್ಚಿಯಿಂದ ಎದ್ದು, ಹಲ್ಲು ಕಚ್ಚಿ ಪರದೆಯ ಹಿಂದೆ ಹೋಗಿ, ಜೋಳದ ಚೀಲದ ಮೇಲೆ ಕೂತು ಮೂಗು ಹಿಡಿದುಕೊಂಡ.

"ನಮಸ್ಕಾರ. ನಿಮ್ಮ ಸಂದೇಶಗಳನ್ನು ಓದಲು ನಾನು ಸಿದ್ಧನಿದ್ದೇನೆ."

"ಬಂದ್ರು ನೋಡ್ರಿ!" ಎಂದು ಶೈಲಾ ಚಪ್ಪಾಳೆ ತಟ್ಟಿದಳು. ಕೆಂಪು ಹೃದಯಗಳು ಧೋ ಎಂದು ಸುರಿದವು. ಅವನ್ನೆಲ್ಲ ಒಂದೊಂದಾಗಿ ಅವನೇ ಓದಬೇಕಾಯಿತು.

ಅಷ್ಟರಲ್ಲಿ ಹಿತ್ತಲಲ್ಲಿ ಭಾಂಡೆ ತೊಳೆಯುತ್ತಿದ್ದ ಗುರುಲಿಂಗವ್ವನಿಗೆ ಆ ದನಿ ಕೇಳಿಸಿತು. ಕೂತಲ್ಲಿಂದಲೇ, ಮಗನಿಗೆ ಗಂಟಲು ಯಾರಿಂದ ಬಂತೆಂಬುದು ಲೈವಿನಲ್ಲಿದ್ದ ಎಲ್ಲರಿಗೂ ಗೊತ್ತಾಗುವಷ್ಟು ಗಟ್ಟಿಯಾಗಿ ಕೂಗಿ ಹೇಳಿದಳು: "ಶೈಲಾ, ಮಷೀನ ಸುದ್ದ ಆತಲ್ಲವಾ? ಇನ್ನ ನಾಗಲಿಂಗ ಯಾಕ ಖಾಲಿ ಕುಂತಾನ? ಜ್ವಾಳದ ಚೀಲ ಹೊರಿಸಿ ಅಂವನ್ನ ಗಿರಣಿಗೆ ಕಳಸು!"

ಶೈಲಾ ತುಟಿ ಕಚ್ಚಿ ಹಿಡಿದಳು. ನಗು ತಡೆಯಲಾರದೆ ಸೀರೆಯನ್ನು ಮುಖಕ್ಕೆ ಅಡ್ಡ ಹಿಡಿದು ಬಿಡಿಸಿದಳು. ಯಾವ ಚೀಲವನ್ನು ಹೊರಬೇಕೋ ಅದರ ಮೇಲೇ ಕೂತಿದ್ದ ನಾಗಲಿಂಗ ಇಲ್ಲವ್ವಾ ಎನ್ನುವಂತಿರಲಿಲ್ಲ, ಹೂಂ ಎಂದು ಏಳುವಂತೆಯೂ ಇರಲಿಲ್ಲ. ಕೈಯಲ್ಲಿ ಫೋನು ಮಿನುಗಿತು. ಅವನು ಮೂಗನ್ನು ಇನ್ನಷ್ಟು ಬಿಗಿಯಾಗಿ ಒತ್ತಿದ.

"ಹುನಗುಂದದ ರಾಜಶ್ರೀ ಅವರು ಹೇಳುತ್ತಾರೆ. ವೈನೀ, ಅವ್ವ ಹೇಳೂದು ಖರೆ ಐತಿ. ಅಣ್ಣನ್ನ ಗಿರಣಿಗೆ ಕಳಿಸಿಬಿಡು. ಮಷೀನ ಇದ್ದ ಮ್ಯಾಲೆ ಅಂವಂದೇನ ಕೆಲಸ ಐತಿ ಅಲ್ಲೆ? ನಗುವ ಮುಖ. ನಗುವ ಮುಖ. ನಗುವ ಮುಖ."